ಬಾವಿ ಕಡೆ, ರೋಡ್ ಕಡೆ

ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯ ದಿನ ನನ್ನನ್ನು ಮಾತಾಡಲು ಕರೆದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಂಚಿನ ಮೇಲೆ ಸರಿಯಾಗಿ ಒರಗಿ ಕೂತರು. ತಪ್ಪು ಅವರದಲ್ಲ. ಕೊಟ್ಟ ವಿಷಯದ ಪರವಾಗಿಯೂ ವಿರೋಧವಾಗಿಯೂ ಬೆಲ್ ಹೊಡೆಯುವವರೆಗೆ ಮಾತಾಡಬಲ್ಲವಳು ಎಂದು ಶಾಲೆಯಲ್ಲಿ ನನಗೆ ಹೆಸರಿದೆ. ಕೋಲಾರದ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳನ್ನು ನಮ್ಮಮ್ಮ ವಕ್ಕಲೇರಿಯ ಮನೆಯಲ್ಲಿ ಟಿ.ವಿ. ಪಕ್ಕ ಸಾಲಾಗಿ ಇಟ್ಟಿದ್ದಾಳೆ. ಡೇರಿಗೆ ಹಾಲು ಹಾಕಿ ವಾಪಸ್ ಹೋಗುವವರು ಕುಡಿಯಲು ನೀರು ಕೇಳಿದರೂ ಸಾಕು, ಅವುಗಳನ್ನು ನೋಡದೆ ಹೊರಡುವಂತಿಲ್ಲ. ಅಂಥ ನಾನು ಅವತ್ತು, "ಅವರು ಒಳ್ಳೆಯ ಶಿಕ್ಷಕಿ, ಹೋದ ಕಡೆಯೂ ಒಳ್ಳೆಯದಾಗಲಿ" ಎಂದು ಹೇಳಿ ಕೂತುಬಿಟ್ಟೆ.

ಪಕ್ಕದ ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕೂತಿದ್ದ ಅವರು ನನ್ನ ಕಡೆ ಬಾಗಿ, "ಅಷ್ಟೇನಾ ಲಾಯರಮ್ಮಾ? ನಾನು ಸತ್ತೋಗಿದ್ರೆ ಇನ್ನೊಂದೆರಡು ಮಾತು ಜಾಸ್ತಿ ಸಿಗ್ತಿತ್ತಲ್ಲೇ!" ಎಂದರು. ಮೈಕ್ ಆನ್ ಆಗಿತ್ತು. ಇಡೀ ಶಾಲೆ ನಕ್ಕಿತು. ನನ್ನ ಭಾಷಣಕ್ಕೆ ಸಿಗದ ನಗು ಅವರ ಗೊಣಗಾಟಕ್ಕೆ ಸಿಕ್ಕಿತು. ಯಾವಾಗಲೂ ಹೀಗೆಯೇ ಆಗುತ್ತಿತ್ತು.

ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಮಂಡಿಸುವುದು ನಾನು ಕಲಿತ ಕ್ರಮ, ಆದ್ದರಿಂದ ಮಂಡಿಸುತ್ತೇನೆ: ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಇತ್ತು ಅಂತಲ್ಲ, ಇದೆ. ಈ ಬರಹದಲ್ಲಿ ಅವರ ಬಗ್ಗೆ ಒಳ್ಳೆಯ ಮಾತು ಬಂದಲ್ಲೆಲ್ಲ, ಅದನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ ಎಂದೇ ತಿಳಿಯಬೇಕು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇದಕ್ಕೆ ಗಾಜು ಹಾಕಿಸಿ ಮುಳಬಾಗಿಲಿನಲ್ಲಿರುವ ತಮ್ಮ ಅಣ್ಣನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ತೂಗುಹಾಕುತ್ತಾರೆ. ಅಷ್ಟು ಸಂತೋಷ ಕೊಡಲು ನಾನು ತಯಾರಿಲ್ಲ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಒಂದು ಕಡೆ ಬಳಸದ ಬಾವಿ, ಇನ್ನೊಂದು ಕಡೆ ಆಂಧ್ರದ ಗಡಿಗೆ ಹೋಗುವ ರಸ್ತೆ, ಸುತ್ತ ಮಾವಿನ ತೋಟ. ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಕೆಲವರು ದಖನಿ ಉರ್ದು, ಶಾಲೆಯಲ್ಲಿ ಎರಡನ್ನೂ ಕಲಸಿದ ಕನ್ನಡ. ನಾನು ಸಮಾಜ ವಿಜ್ಞಾನಕ್ಕೆ ಹೊಸದಾಗಿ ಸೇರಿದಾಗ ವಿಜ್ಞಾನಕ್ಕೆ ಅವರಿದ್ದರು. ಸಹೋದ್ಯೋಗಿಗಳಿಗೆ ಅವರು ಆಪಾ, ಅಂದರೆ ಅಕ್ಕ, ಮಕ್ಕಳಿಗೆ ಆಪಾ ಮಿಸ್. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು, ಗಾಢ ಬಣ್ಣದ ಸೀರೆಗಳು. ವಿನಯ ಎನ್ನುವ ಗುಣ ಅವರ ಹತ್ತಿರ ಸುಳಿದಿರಲಿಲ್ಲ. "ಇವತ್ತು ಎಂಥಾ ಪಾಠ ಮಾಡ್ದೆ ಗೊತ್ತಾ? ನನಗೇ ಮೈ ಜುಮ್ ಅಂತು" ಎನ್ನುತ್ತ ಸ್ಟಾಫ್ ರೂಮಿಗೆ ಬರುತ್ತಿದ್ದರು. ತಮ್ಮ ಪಾಠವನ್ನು ತಾವೇ ಹೊಗಳಿಕೊಳ್ಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸುಳ್ಳು ಹೊಗಳಿಕೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು.

ಅವರ ಕೈಯಲ್ಲಿ ಇದ್ದದ್ದು ಬಟನ್ ಫೋನು. ಒಳ್ಳೆಯ ಫೋನನ್ನು ಕಾಲೇಜು ಓದುವ ಮಗಳಿಗೆ ಕೊಟ್ಟಿದ್ದರು. ಆ ಬಟನ್ ಫೋನಿನ ಸ್ಪೀಕರ್ ಎಷ್ಟು ಜೋರು ಎಂದರೆ ಅವರ ಮನೆಯ ಸಂಸಾರವೆಲ್ಲ ನಮಗೆ ಸ್ಟಾಫ್ ರೂಮಿನಲ್ಲೇ ಗೊತ್ತಾಗುತ್ತಿತ್ತು.

ಈಗ ಟ್ಯಾಬಿನ ವಿಷಯ. ಹಿಂದೆ ಯಾವುದೋ ಯೋಜನೆಯಲ್ಲಿ ಶಾಲೆಗೆ ಒಂದಷ್ಟು ಟ್ಯಾಬ್‌ಗಳು ಬಂದಿದ್ದವಂತೆ. ಯೋಜನೆ ನಿಂತುಹೋಯಿತು, ರಿಪೇರಿಗೆ ಅನುದಾನ ಬರಲಿಲ್ಲ, ಬ್ಯಾಟರಿಗಳು ಉಬ್ಬಿಕೊಂಡವು. ಬರುವ ಅನುದಾನ ಸೀಮೆಸುಣ್ಣ, ಕರೆಂಟು, ಕಕ್ಕಸಿನ ನಲ್ಲಿ ಎನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಆಪಾ ಸತ್ತ ಟ್ಯಾಬ್‌ಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಅಣ್ಣನ ಅಂಗಡಿಗೆ ಹೋಗಿ, ಒಂದರ ಗಾಜು, ಇನ್ನೊಂದರ ಬೋರ್ಡು ಸೇರಿಸಿ ಬದುಕಿರುವ ಒಂದೇ ಒಂದನ್ನು ಮಾಡಿಸಿಕೊಂಡು ಬಂದರು. ಅದಕ್ಕೂ ಬ್ಯಾಟರಿ ನಿಲ್ಲುತ್ತಿರಲಿಲ್ಲ, ಚಾರ್ಜರ್ ಕಿತ್ತರೆ ಆರಿಹೋಗುತ್ತಿತ್ತು. ಹತ್ತನೇ ತರಗತಿಯ ಕೋಣೆಯಲ್ಲಿ ಕೆಲಸ ಮಾಡುವ ಪ್ಲಗ್ ಇದ್ದದ್ದು ಹಿಂಬದಿಯ ಗೋಡೆಯಲ್ಲಿ, ಕೊನೆಯ ಬೆಂಚಿನ ಪಕ್ಕ. ವೈರು ಮೊಳದುದ್ದ.

ಆಮೇಲೆ ಯಾರ್ಯಾರೋ ಹೊಗಳಿದ ಆ 'ವಿಧಾನ' ಹುಟ್ಟಿದ್ದು ಹೀಗೆ. ಅದರ ಹಿಂದೆ ದೊಡ್ಡ ಚಿಂತನೆ ಇತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದ್ದದ್ದು ಒಂದು ಕೆಟ್ಟ ಪ್ಲಗ್ ಪಾಯಿಂಟು.

ಕ್ರಮ ಇಷ್ಟು. ಒಬ್ಬ ವಿದ್ಯಾರ್ಥಿ ಕೊನೆಯ ಬೆಂಚಿನಲ್ಲಿ ಟ್ಯಾಬ್ ಹಿಡಿದು ಕೂರಬೇಕು. ಅವನಿಗೆ 'ರೇಡಿಯೋ' ಎಂದು ಹೆಸರು. ಉಳಿದವರೆಲ್ಲ ಕಪ್ಪು ಹಲಗೆಯ ಕಡೆ ಮುಖ ಮಾಡಿ, ಹಾಳೆ ಇಟ್ಟುಕೊಂಡು ಕೂರಬೇಕು. ಯಾರೂ ಹಿಂದೆ ತಿರುಗುವಂತಿಲ್ಲ. ರೇಡಿಯೋ ತೆರೆಯ ಮೇಲಿನ ಚಿತ್ರ ನೋಡಿ ಹೇಳಬೇಕು, ಅವರು ಕೇಳಿ ಬರೆಯಬೇಕು. ಎರಡೂ ಕೈಯಲ್ಲಿ ಟ್ಯಾಬ್ ಇರುವುದರಿಂದ ಕೈ ಆಡಿಸಿ 'ಹಿಂಗಿದೆ, ಹಂಗಿದೆ' ಎನ್ನಲು ಬರುವುದಿಲ್ಲ, ಆಡಿಸಿದರೂ ನೋಡುವವರು ಇಲ್ಲ. ಬಾಯಿ ತೆರೆಯಲೇಬೇಕು. ಕೇಳುವವರು ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು. ಪೀರಿಯಡ್ ಮುಗಿಯುವ ಹೊತ್ತಿಗೆ ಆಪಾ, "ತಿರುಗಿ!" ಎನ್ನುತ್ತಾರೆ. ಇಡೀ ತರಗತಿ ಒಟ್ಟಿಗೆ ಹಿಂದೆ ತಿರುಗಿ ಟ್ಯಾಬನ್ನು ನೋಡುತ್ತದೆ. ತಾವು ಬರೆದದ್ದಕ್ಕೂ ತೆರೆಯ ಮೇಲಿನದಕ್ಕೂ ತಾಳೆ ನೋಡಿ ಎದ್ದ ಕೂಗು ಪಕ್ಕದ ಕೋಣೆಯಲ್ಲಿ ನನ್ನ ಸ್ವಾತಂತ್ರ್ಯ ಹೋರಾಟವನ್ನು ಮುಳುಗಿಸುತ್ತಿತ್ತು.

ಎಡ ಬಲ ಮಾತ್ರ ಮೊದಮೊದಲು ಜಗಳಕ್ಕೆ ಕಾರಣವಾಯಿತಂತೆ. ಕನ್ನಡದ ಬಲಗಡೆ ತೆಲುಗಿನಲ್ಲಿ ಕುಡಿ ಕಡೆ, ದಖನಿಯಲ್ಲಿ ಇನ್ನೇನೋ. ಜೊತೆಗೆ, ಚಿತ್ರದಲ್ಲಿ ಇರುವ ಮನುಷ್ಯನ ಎಡವೋ ನೋಡುವವನ ಎಡವೋ ಎನ್ನುವ ಗೊಂದಲ. ಆಪಾ ಎಡ ಬಲವನ್ನೇ ರದ್ದು ಮಾಡಿ, ಕಿಟಕಿಯಾಚೆ ಬಾವಿ ಇರುವ ದಿಕ್ಕು 'ಬಾವಿ ಕಡೆ', ಬಾಗಿಲಾಚೆ ರಸ್ತೆ ಇರುವ ದಿಕ್ಕು 'ರೋಡ್ ಕಡೆ' ಎಂದು ತೀರ್ಮಾನಿಸಿದರು. ಹೃದಯದ ಚಿತ್ರದಲ್ಲಿ ಬಾವಿ ಕಡೆ ನೀಲಿ, ರೋಡ್ ಕಡೆ ಕೆಂಪು. "ಪರೀಕ್ಷೆಯಲ್ಲೂ ಮಕ್ಕಳು ಬಾವಿ, ರೋಡು ಅಂತ ಬರೆದರೆ?" ಎಂದು ನಾನು ಕೇಳಿದ್ದೆ. "ಬರೀಲಿ ಬಿಡೇ. ಪೇಪರ್ ತಿದ್ದೋರು ಬಂದು ನಮ್ಮ ಬಾವಿ ನೋಡ್ಕೊಂಡು ಹೋಗ್ಲಿ" ಎಂದರು.

ಕೊನೆಯ ಬೆಂಚಿನ ಬೆಲೆ ಏರಿತು. ಯಾವ ಶಾಲೆಯಲ್ಲೂ ಇಲ್ಲದ ದೃಶ್ಯ: ಹಿಂದೆ ಕೂರಲು ಪೈಪೋಟಿ.

ಇದೇ ಕಾಲದಲ್ಲಿ ನಾನೂ ಒಂದು ಚರ್ಚಾಕೂಟ ನಡೆಸುತ್ತಿದ್ದೆ. ಶನಿವಾರ ಬೆಳಿಗ್ಗೆ, ಬೇವಿನ ಮರದ ಕೆಳಗೆ. ಹಳ್ಳಿ ಶಾಲೆಯ ಮಕ್ಕಳ ಬಾಯಿ ಬಿಡಿಸುವುದು ನನ್ನ ಜೀವನದ ಉದ್ದೇಶ ಎಂದುಕೊಂಡಿದ್ದ ದಿನಗಳು ಅವು. ಬಾಯಿ ಬಿಟ್ಟವರು ಕಡಿಮೆ. ನಾನು ಬರೆದುಕೊಟ್ಟದ್ದನ್ನು ಉರುಹೊಡೆದು, ಮರದ ಕೊಂಬೆ ನೋಡುತ್ತ, ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದರು. ಅವರಲ್ಲಿ ಲಾವಣ್ಯ ಎಂಬ ಹುಡುಗಿಯ ಮೇಲೆ ನನಗೆ ಆಸೆ. ಕಣ್ಣಿನಲ್ಲಿ ಚುರುಕಿತ್ತು, ಮಾತು ಮಾತ್ರ ಗಂಟಲಿಗೆ ಬಂದು ನಿಲ್ಲುತ್ತಿತ್ತು. "ಎದುರಾಳಿ ಹೀಗೆ ಕೇಳಿದರೆ ಏನು ಹೇಳ್ತೀಯಮ್ಮಾ?" ಎಂದರೆ, "ಗೊತ್ತಿಲ್ಲ ಮಿಸ್, ನೀವು ಬರ್ಕೊಟ್ಟಿಲ್ಲ" ಎನ್ನುತ್ತಿದ್ದಳು.

ಒಂದು ದಿನ ಹತ್ತನೇ ತರಗತಿಯ ಹೊರಗೆ ಹಾದುಹೋಗುವಾಗ ಒಳಗಿನಿಂದ ಗಟ್ಟಿಯಾದ ಒಂದು ದನಿ ಕೇಳಿಸಿತು.

"ನೋಡ್ರೋ, ಒಂದು ಮಾವಿನಕಾಯಿ ತರ ಇದೆ. ತೊಟ್ಟು ಮೇಲಕ್ಕೆ. ಮೂತಿ ಕೆಳಗೆ, ರೋಡ್ ಕಡೆಗೆ ಸೊಟ್ಟ."

"ಎಂಥಾ ಮಾವಿನಕಾಯೇ? ತೋತಾಪುರಿನಾ, ಬಾದಾಮಿನಾ?" ಮುಂದಿನ ಬೆಂಚಿನಿಂದ ಒಬ್ಬ ಕೇಳಿದ.

"ತೋತಾಪುರಿ ಉದ್ದ ಆಗೋಯ್ತಲ್ಲೋ. ಬಾದಾಮಿನೇ. ಆದ್ರೆ ಮೂತಿ ಸ್ವಲ್ಪ ಚೂಪು."

"ಸ್ವಲ್ಪ ಅಂದ್ರೆ ಎಷ್ಟು?"

"ನಿನ್ನ ಮೂಗಿನಷ್ಟು ಇಲ್ಲ, ಬರ್ಕೋ!"

ದನಿ ಲಾವಣ್ಯಳದು. ಪ್ರಶ್ನೆ, ಉತ್ತರ, ಮರುಪ್ರಶ್ನೆ, ಸ್ಪಷ್ಟನೆ, ಎದುರಾಳಿಗೆ ಚುಚ್ಚು. ನಾನು ಬೇವಿನ ಮರದ ಕೆಳಗೆ ಗಂಟಲು ಹರಿದುಕೊಂಡು ಕಲಿಸುತ್ತಿದ್ದ ಎಲ್ಲವೂ ಆ ಕೋಣೆಯಲ್ಲಿ ಇತ್ತು, ಮತ್ತು ಅದನ್ನು ಕಲಿಸುತ್ತಿದ್ದೇನೆ ಎನ್ನುವ ಅರಿವೂ ಆಪಾಗೆ ಇರಲಿಲ್ಲ. ಅವರು ಕಿಟಕಿಯ ಹತ್ತಿರ ನಿಂತು ಕಡಲೆಕಾಯಿ ಸುಲಿಯುತ್ತಿದ್ದರು. ಅವರಿಗೆ ಬೇಕಾದದ್ದು ಹೃದಯದ ಚಿತ್ರ ಮಾತ್ರ. ನನಗೆ ಬೇಕಾದದ್ದು ಅವರಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ನ್ಯಾಯವಾದ ಕಾರಣ ಇನ್ನೇನು ಬೇಕು, ಓದುವವರೇ ತೀರ್ಪು ಕೊಡಲಿ.

ಆ ಶನಿವಾರ ಲಾವಣ್ಯ ಚರ್ಚಾಕೂಟಕ್ಕೆ ಬರಲಿಲ್ಲ. ಸೋಮವಾರ ಅವಳ ಸರದಿಯಂತೆ, ರೇಡಿಯೋಗೆ ಧ್ವನಿ ಸರಿಮಾಡಿಕೊಳ್ಳಲು ತೋಟದಲ್ಲಿ ಕೂಗಿ ಅಭ್ಯಾಸ ಮಾಡುತ್ತಿದ್ದಳಂತೆ.

ಹೊಟ್ಟೆಕಿಚ್ಚನ್ನು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳುವುದು ಚರ್ಚಾಪಟುವಿಗೆ ಆಗದ ಕೆಲಸ, ಅದಕ್ಕೊಂದು ತತ್ವ ಬೇಕು. ನನ್ನ ಹತ್ತಿರ ತತ್ವವೂ ಇತ್ತು, ಮತ್ತು ಅದು ಸರಿಯಾಗಿಯೇ ಇತ್ತು ಎಂದು ಇವತ್ತಿಗೂ ವಾದಿಸುತ್ತೇನೆ. ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಶುರು ಮಾಡಿದೆ.

"ಆಪಾ, ನಿಮ್ಮ ಈ ಜಾಣತನದಿಂದ ಮಕ್ಕಳಿಗೆ ಅನ್ಯಾಯ ಆಗ್ತಿದೆ."

"ಮೊದ್ಲು ತಿನ್ನು," ಎಂದು ಅವರು ತಮ್ಮ ಡಬ್ಬಿಯ ದಾಲ್ಚಾ ಸಾರನ್ನು ನನ್ನ ಅನ್ನಕ್ಕೆ ಸುರಿದರು. "ಹೊಟ್ಟೆ ತುಂಬಿದ್ರೆ ವಾದ ಚೆನ್ನಾಗಿ ಬರುತ್ತೆ. ಹ್ಞೂಂ, ಹೇಳು."

"ಬೆಂಗಳೂರಿನ ಶಾಲೇಲಿ ಒಂದೊಂದು ಮಗುವಿಗೂ ಒಂದೊಂದು ಟ್ಯಾಬ್ ಇರುತ್ತೆ. ನಮ್ಮ ಮಕ್ಕಳು ಒಂದು ಚಿತ್ರ ನೋಡೋಕೆ ಪೀರಿಯಡ್ ಪೂರ್ತಿ ಗೋಡೆ ನೋಡ್ಕೊಂಡು ಕಾಯ್ಬೇಕು. ನೀವು ಅದನ್ನ ಆಟ ಮಾಡಿಬಿಟ್ರಿ. ಇಲ್ಲದೇ ಇರೋದನ್ನ ಇಷ್ಟು ಚೆಂದ ಮಾಡಿ ತೋರಿಸಿದ್ರೆ, ಕೊಡೋರು ಯಾಕೆ ಕೊಡ್ತಾರೆ? ನಾಳೆ 'ಅವರಿಗೆ ಒಂದರಲ್ಲೇ ನಡೆಯುತ್ತೆ' ಅಂತಾರೆ."

ಆಪಾ ಅಗಿಯುವುದನ್ನು ನಿಲ್ಲಿಸಿದರು. ಅವರಲ್ಲಿ ನನಗೆ ಅತಿ ಕೋಪ ತರಿಸುತ್ತಿದ್ದ ಗುಣ ಇದು: ಎದುರಿನವರ ಮಾತನ್ನು ನಿಜವಾಗಿಯೂ ಕೇಳುತ್ತಿದ್ದರು. ವಾದದಲ್ಲಿ ಅದು ನಿಯಮಬಾಹಿರ.

"ಸರಿ ಕಣೇ ನೀನು ಹೇಳೋದು," ಎಂದರು. "ಆದ್ರೆ ನಾಳೆ ಎರಡನೇ ಪೀರಿಯಡ್‌ಗೆ ಕಣ್ಣಿನ ಪಾಠ ಇದೆ. ನ್ಯಾಯ ಬರೋವರೆಗೂ ಮಕ್ಕಳಿಗೆ ಕಣ್ಣು ಮುಚ್ಕೊಂಡಿರಿ ಅಂತ ಹೇಳ್ಲಾ?"

ಹೆಡ್‌ಮಾಸ್ಟರು ಮಜ್ಜಿಗೆ ಲೋಟ ಕೆಳಗಿಟ್ಟು, ತೆಲುಗು ಬೆರೆಸಿ, "ಚಾಲು, ಚಾಲು! ಸಾಕು ಮಾಡ್ರಮ್ಮಾ. ಇಬ್ರೂ ಗೆದ್ರಿ. ಬೆಲ್ ಆಯ್ತು" ಎಂದರು.

ಹೆಡ್‌ಮಾಸ್ಟರೇ ಆ ವರ್ಷ ಒಂದು ಸುದ್ದಿ ತಂದರು. ವೇಮಗಲ್ ಕಡೆಯ ಒಂದು ಕಾರ್ಖಾನೆಯವರು ಯಾವುದಾದರೂ ಒಂದು ಸರ್ಕಾರಿ ಶಾಲೆಯ ಹತ್ತನೇ ತರಗತಿಗೆ ಟ್ಯಾಬ್‌ಗಳನ್ನು ಕೊಡುತ್ತಾರಂತೆ. ಅವರ ಪಟ್ಟಿಯಲ್ಲಿ ನಮ್ಮ ಶಾಲೆಯೂ ಮಾಲೂರು ಕಡೆಯ ಇನ್ನೊಂದು ಶಾಲೆಯೂ ಇವೆಯಂತೆ. ಬಂದು ನೋಡಿ ತೀರ್ಮಾನಿಸುತ್ತಾರಂತೆ. ನಮ್ಮ ಪರವಾಗಿ ಮಾತಾಡುವುದು ನಾನು, ಪಾಠ ತೋರಿಸುವುದು ಆಪಾ ಎಂದು ಹಂಚಿಕೆಯಾಯಿತು. ನಾನು ಭಾಷಣ ತಯಾರಿಸಿದೆ. ಸಮಾನತೆ, ಹಕ್ಕು, ಗಡಿಭಾಗದ ಮಗು. ಕಲ್ಲು ಕರಗಬೇಕು, ಹಾಗಿತ್ತು.

ಕಾರ್ಖಾನೆಯ ಅಧಿಕಾರಿ ಸಭ್ಯ ಮನುಷ್ಯ. ನನ್ನ ಮಾತಿಗೆ ತಲೆಯಾಡಿಸುತ್ತ ಎರಡು ಸಲ ಫೋನ್ ನೋಡಿಕೊಂಡರು. ಆಮೇಲೆ ಆಪಾ ತರಗತಿ. ಅವತ್ತು ಅವರು ಹಬ್ಬದ ಸೀರೆ ಉಟ್ಟಿದ್ದರು. ನೋಡಲು ಜನ ಬಂದಿದ್ದಾರೆ ಎಂದರೆ ಅವರಿಗೆ ರೆಕ್ಕೆ ಬರುತ್ತಿತ್ತು. ಲಾವಣ್ಯ ರೇಡಿಯೋ. ಮೂತ್ರಪಿಂಡವನ್ನು ಅವಳು ಎರಡು ಗೋಡಂಬಿ ಬೀಜ ಮಾಡಿ, ಬಾವಿ ಕಡೆಯದು ಸ್ವಲ್ಪ ಕೆಳಗೆ, ರೋಡ್ ಕಡೆಯದು ಸ್ವಲ್ಪ ಮೇಲೆ ಎಂದು ವಿವರಿಸಿ, ಬಂದ ಪ್ರಶ್ನೆಗೆಲ್ಲ ಪಟಪಟ ಉತ್ತರಿಸಿದಳು. "ತಿರುಗಿ!" ಎಂದಾಗ ಎದ್ದ ಕೂಗಿಗೆ ಅಧಿಕಾರಿ ತಾವೂ ಚಪ್ಪಾಳೆ ತಟ್ಟಿದರು. ಜೊತೆಗಿದ್ದವರು ವಿಡಿಯೋ ಮಾಡಿಕೊಂಡರು. ಹೊರಡುವಾಗ ಅಧಿಕಾರಿ ಆಪಾಗೆ ಕೈ ಮುಗಿದು, "ಅದ್ಭುತ ಮೇಡಂ. ಇಷ್ಟು ಕಡಿಮೇಲಿ ಇಷ್ಟು ಮಾಡ್ತೀರಿ. ನಿಮಗೆ ಒಂದೇ ಸಾಕು" ಎಂದರು.

ಟ್ಯಾಬ್‌ಗಳು ಮಾಲೂರು ಕಡೆಯ ಶಾಲೆಗೆ ಹೋದವು.

ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದ್ದು ಅಕ್ಷರಶಃ ಆಗಿತ್ತು. ಮಕ್ಕಳಿಗೆ ಟ್ಯಾಬ್ ತಪ್ಪಿಹೋಯಿತು ಎಂಬ ಸಂಕಟದ ಕೆಳಗೆ, ಒಲೆಯ ಬೂದಿಯಲ್ಲಿ ಕೆಂಡ ಇದ್ದ ಹಾಗೆ, ಸಣ್ಣದೊಂದು ಹಿತ. ಕೊನೆಗೂ ಆಪಾ ಸೋತರು. ಒಂದೇ ತೊಡಕೆಂದರೆ ಸೋತದ್ದನ್ನು ಅವರೇ ನನಗಿಂತ ಮೊದಲು ಹೇಳಿಬಿಟ್ಟರು.

"ನೀನು ಗೆದ್ದೆ ಲಾಯರಮ್ಮಾ. ನಾನು ಮೆರೆಯೋಕೆ ಹೋಗಿ ಮಕ್ಕಳ ಬಾಯಿಗೆ ಮಣ್ಣು ಹಾಕ್ದೆ." ಅವತ್ತು ಅವರು ಡಬ್ಬಿ ತೆರೆಯಲಿಲ್ಲ. ಅವರ ನಗು ಇಲ್ಲದ ಸ್ಟಾಫ್ ರೂಮನ್ನು ನಾನು ಅದೇ ಮೊದಲು ನೋಡಿದ್ದು. ಗೆದ್ದವಳಿಗೆ ಕೂರಲು ಅದು ಅಷ್ಟೇನೂ ಒಳ್ಳೆಯ ಜಾಗವಲ್ಲ.

ಕೆಲವು ವಾರಗಳ ಮೇಲೆ ಅದೇ ಅಧಿಕಾರಿಯಿಂದ ಫೋನು. ಆಪಾ ತರಗತಿಯ ವಿಡಿಯೋ ಅವರ ಕಾರ್ಖಾನೆಯಲ್ಲಿ ಎಲ್ಲರಿಗೂ ಬಹಳ ಹಿಡಿಸಿದೆಯಂತೆ. ಸರಿಯಾದ ಕ್ಯಾಮೆರಾ ತಂದು ಇನ್ನೊಮ್ಮೆ ಚಿತ್ರೀಕರಿಸಬೇಕಂತೆ. ಹೆಡ್‌ಮಾಸ್ಟರು ಕೆರಳಿದರು. "ಟ್ಯಾಬ್ ಅವರಿಗೆ, ಸಿನಿಮಾ ನಮ್ಮದಾ? ಬೇಡ ಅಂದುಬಿಡ್ತೀನಿ." ನಾನೂ ಬೇಡವೆಂದೆ, ನಾಲ್ಕು ಕಾರಣ ಕೊಟ್ಟೆ.

ಆಪಾ ಮಾತ್ರ, "ಬರ್ಲಿ ಸಾರ್" ಎಂದರು. ನನ್ನನ್ನು ನೋಡಿ, "ಈ ಸಲ ನೀನು ಭಾಷಣ ಮಾಡ್ಬೇಡ. ಹಿಂದೆ ನಿಂತ್ಕೊಂಡು ನೋಡು."

ಅಧಿಕಾರಿ ಕ್ಯಾಮೆರಾದವರ ಜೊತೆ ಬಂದರು. ಆಪಾ ಅಧಿಕಾರಿಯನ್ನು ನಗುನಗುತ್ತ ಕೈ ಹಿಡಿದು ಕರೆದೊಯ್ದಂತೆ ಒಳಗೆ ಕರೆದು, "ಹೋದ ಸಲ ನೀವು ಬರೀ ನೋಡಿದ್ರಿ ಸಾರ್. ಈ ಸಲ ಸ್ಟೂಡೆಂಟು" ಎಂದು ಮೊದಲ ಬೆಂಚಿನಲ್ಲಿ ಮಕ್ಕಳ ನಡುವೆ ಕೂರಿಸಿದರು. ಕೈಗೆ ಹಾಳೆ, ಪೆನ್ಸಿಲ್ಲು. ಲಾವಣ್ಯ ಹಿಂದಿನಿಂದ ಜೀರ್ಣಾಂಗ ಶುರು ಮಾಡಿದಳು. "ಹೊಟ್ಟೆ ಚೀಲ ರೋಡ್ ಕಡೆಗೆ, ನೀರಿನ ಚರ್ಮದ ಚೀಲ ತರ. ಯಕೃತ್ತು ಬಾವಿ ಕಡೆಗೆ, ದೊಡ್ಡದು, ಮುಚ್ಚಳ ತರ."

"ಯಾವ ಬಾವಿ?" ಎಂದರು ಅಧಿಕಾರಿ. ಮಕ್ಕಳು ಕಿಸಕ್ಕೆಂದರು. ಪಕ್ಕದ ಹುಡುಗಿ ಕಿಟಕಿ ತೋರಿಸಿದಳು. ಅವರು ಬೆವರಿದರು, ಅಳಿಸಿದರು, ಮತ್ತೆ ಬರೆದರು. ನೋಡುತ್ತ ನೋಡುತ್ತ ಅವರಿಗೆ ಹಟ ಹತ್ತಿತು. "ಮೇದೋಜೀರಕ ಎಲ್ಲಿ ಬರುತ್ತಮ್ಮಾ? ಇನ್ನೊಂದ್ಸಲ ಹೇಳು." ಅಕ್ಕಪಕ್ಕದ ಹಾಳೆ ಇಣುಕಿದರು. ಒಂದು ಸಲ ಕತ್ತು ತಾನಾಗಿಯೇ ಹಿಂದಕ್ಕೆ ಹೊರಳಿತು.

"ತಿರುಗ್ಬಾರ್ದು ಸಾರ್!" ಇಡೀ ತರಗತಿ ಕೂಗಿತು.

ಬೆಲ್ ಹೊಡೆಯಿತು. ಎಲ್ಲರೂ ಆಪಾ ಬಾಯಿ ನೋಡಿದರು. ಆಪಾ 'ತಿರುಗಿ' ಎನ್ನಲಿಲ್ಲ. ಸೀಮೆಸುಣ್ಣದ ಪುಡಿ ಕೊಡವಿಕೊಂಡು, "ಆಯ್ತು, ಪೀರಿಯಡ್ ಮುಗೀತು" ಎಂದರು.

"ಮೇಡಂ, ಚಿತ್ರ?" ಎಂದರು ಅಧಿಕಾರಿ, ಪೆನ್ಸಿಲ್ ಹಿಡಿದುಕೊಂಡೇ. ಎದ್ದು ಹಿಂದೆ ತಿರುಗಿದರು. ಲಾವಣ್ಯ ಟ್ಯಾಬನ್ನು ಎದೆಗೆ ಅವುಚಿಕೊಂಡಳು.

"ಒಂದೇ ಇರೋದು ಸಾರ್," ಆಪಾ ತಣ್ಣಗೆ ಹೇಳಿದರು. "ಇವತ್ತು ಅದನ್ನ ನೋಡಿದ್ದು ಇವಳೊಬ್ಳೇ. ನಿಮ್ಮ ಸರದಿ ಬಂದಾಗ ಹೇಳಿ ಕಳಿಸ್ತೀವಿ."

ಅಧಿಕಾರಿ ಕೂತರು. ತಮ್ಮ ಹಾಳೆಯನ್ನೂ ಪಕ್ಕದವಳ ಹಾಳೆಯನ್ನೂ ನೋಡಿದರು. ಚಿತ್ರೀಕರಣದವನು ಕ್ಯಾಮೆರಾ ಕೆಳಗಿಳಿಸಿದ. ನಾನು ಬಾಗಿಲಲ್ಲಿ ನಿಂತಿದ್ದೆ, ಮೈ ಉರಿಯುತ್ತಿತ್ತು. ಅದು ನನ್ನ ವಾದ. ಒಂದೊಂದು ಅಂಶವೂ ನನ್ನದು. ಕಾಯುವ ಮಗು, ಗೋಡೆ ನೋಡುವ ಮಗು, ಸಾಕು ಎನ್ನುವವರ ಕಣ್ಣಿಗೆ ಬೀಳದ ಮಗು. ನಾನು ಭಾಷಣದಲ್ಲಿ ಹೇಳಿದಾಗ ಆ ಮನುಷ್ಯ ಫೋನ್ ನೋಡಿದ್ದರು. ಈಗ ಫೋನು ಅವರ ಜೇಬಿನಲ್ಲಿ ರಿಂಗಾಗುತ್ತಿತ್ತು, ಅವರು ತೆಗೆಯಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ನಾನು ಬಿಡಲಿಲ್ಲ. "ಅದು ಮೋಸದ ವಾದ ಆಪಾ. ದಿನಾ ನೀವು ತಿರುಗಿ ಅಂತೀರಿ. ಇವತ್ತು ಬೇಕಂತಲೇ ಹೇಳಲಿಲ್ಲ."

"ಹೌದು. ಏನೀಗ?"

"ಮತ್ತೆ, ಅದು ನನ್ನ ವಾದ."

"ನಿಂದೇ ಕಣೇ, ಯಾರು ಇಲ್ಲ ಅಂದ್ರು?" ಅವರು ನನ್ನ ಹೆಗಲ ಮೇಲೆ ಕೈ ಹಾಕಿದರು. "ನಿನ್ನ ಭಾಷಣಾನೇ ನಾನು ಮಾಡಿದ್ದು. ಮಾತು ತೆಗೆದುಹಾಕ್ದೆ, ಅಷ್ಟೇ."

ಇಷ್ಟು ವರ್ಷದ ಸ್ಪರ್ಧೆಗಳಲ್ಲಿ ಯಾವ ತೀರ್ಪುಗಾರನೂ ನನ್ನ ಬಗ್ಗೆ ಇಷ್ಟು ಕ್ರೂರವಾದ, ಇಷ್ಟು ಸರಿಯಾದ ಮಾತು ಹೇಳಿರಲಿಲ್ಲ. ಬಸ್ ಬಂತು. ಅವರು ಕಿಟಕಿ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟರು, ಆ ಉಪಕಾರವೂ ನನಗೆ ಹಿಡಿಸಲಿಲ್ಲ.

ಆಮೇಲೆ ಅದೇ ಕಾರ್ಖಾನೆಯಿಂದ ನಮಗೂ ಟ್ಯಾಬ್‌ಗಳು ಬಂದವು. ಮಗುವಿಗೊಂದಲ್ಲ, ಬೆಂಚಿಗೊಂದು. ಆಪಾ ಅವುಗಳನ್ನು ಧಾರಾಳವಾಗಿ ಬಳಸಿದರು, ಆದರೆ ವಾರಕ್ಕೊಂದು ಪೀರಿಯಡ್ ಹೊಸದನ್ನೆಲ್ಲ ಬೀರುವಿಗೆ ಹಾಕಿ ಹಳೆಯದನ್ನೇ ತೆಗೆಯುತ್ತಿದ್ದರು. ಮಕ್ಕಳೇ ಕೇಳುತ್ತಿದ್ದರು. ಲಾವಣ್ಯ ನನ್ನ ಚರ್ಚಾಕೂಟಕ್ಕೆ ಮರಳಿದಳು, ತಾಲ್ಲೂಕು ಮಟ್ಟದಲ್ಲಿ ಗೆದ್ದಳು. ವೇದಿಕೆಯ ಮೇಲೆ ಎದುರಾಳಿಯ ಪ್ರಶ್ನೆಗೆ ನಾನು ಬರೆದುಕೊಡದ ಉತ್ತರ ಕೊಟ್ಟಾಗ ಅವಳ ಎರಡು ಕೈಗಳೂ ಏನನ್ನೋ ಹಿಡಿದುಕೊಂಡ ಹಾಗೆ ಎದೆಯ ಮುಂದೆ ಇದ್ದವು. ಜನ ನನಗೆ ಅಭಿನಂದನೆ ಹೇಳಿದರು. ಸ್ವೀಕರಿಸಿದೆ. ಆ ಕೈಗಳು ಯಾರ ತರಗತಿಯವು ಎಂದು ಅವರಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಆಮೇಲೆ ವರ್ಗಾವಣೆ. ಆಪಾಗೆ ಮುಳಬಾಗಿಲು ತಾಲ್ಲೂಕಿನ ಶಾಲೆ ಸಿಕ್ಕಿತು, ಮನೆಗೆ ಹತ್ತಿರ. ಹಾರ, ಶಾಲು, ನನ್ನ ಎರಡು ವಾಕ್ಯದ ಭಾಷಣ. ಹಳೆಯ ಟ್ಯಾಬನ್ನಾದರೂ ಅವರಿಗೆ ಕೊಟ್ಟು ಕಳಿಸಬೇಕು ಎಂದು ನಾನು ಹೆಡ್‌ಮಾಸ್ಟರ ಮುಂದೆ ವಾದಿಸಿದೆ. "ಶಾಲೆ ಆಸ್ತಿ ಅಮ್ಮಾ, ಅದೆಂಗೆ ಕೊಡಕ್ಕಾಗುತ್ತೆ?" ಎಂದರು. ಸೋತೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ವಿಜ್ಞಾನದ ಪೀರಿಯಡ್‌ಗಳನ್ನು ಹಂಚಿಕೊಂಡಿದ್ದೇವೆ. ನಾನೂ ರೇಡಿಯೋ ಮಾಡಿಸಿ ನೋಡಿದೆ. ಮಕ್ಕಳು ಸಹಕರಿಸಿದರು. ಕೊನೆಗೆ ಒಬ್ಬ ಸಮಾಧಾನ ಹೇಳುವಂತೆ, "ಆಪಾ ಮಿಸ್ ಆದ್ರೆ ಮಧ್ಯದಲ್ಲಿ ಮಾತಾಡ್ತಿರ್ಲಿಲ್ಲ ಮಿಸ್" ಎಂದ.

ಕಳೆದ ವಾರ ಬೆಳಿಗ್ಗೆ ಫೋನು. ಬಟನ್ ಫೋನಿನ ಆ ಗಂಟಲು.

"ಲಾಯರಮ್ಮಾ, ಪೀರಿಯಡ್ ಇದೆಯೇನೇ ಈಗ?"

"ಇಲ್ಲ ಆಪಾ."

"ಇಲ್ಲಿ ಟ್ಯಾಬೇ ಇಲ್ಲ ಕಣೇ. ಒಂದೂ ಇಲ್ಲ. ಆ ಹಳೇದರಲ್ಲಿ ಹೃದಯದ ಚಿತ್ರ ಇದೆಯಲ್ಲ, ತೆಗಿ. ನನ್ನ ಫೋನು ಕೊನೇ ಬೆಂಚ್ ಮೇಲೆ ಇಟ್ಟಿದ್ದೀನಿ. ಮಕ್ಕಳು ಹಾಳೆ ಹಿಡ್ಕೊಂಡು ಕೂತಿದ್ದಾರೆ. ನೀನೇ ರೇಡಿಯೋ."

ಕಾರಣ ಕೇಳಬಹುದಿತ್ತು. ಇದು ಶಾಶ್ವತ ಪರಿಹಾರವಲ್ಲ, ಆ ಶಾಲೆಗೂ ಅರ್ಜಿ ಹಾಕಬೇಕು, ಹೋರಾಡಬೇಕು ಎಂದು ಹೇಳಬಹುದಿತ್ತು. ನಾನು ಹತ್ತನೇ ತರಗತಿಯ ಖಾಲಿ ಕೋಣೆಗೆ ಹೋಗಿ, ಕೊನೆಯ ಬೆಂಚಿನಲ್ಲಿ ಕೂತು, ಚಾರ್ಜರ್ ಸಿಕ್ಕಿಸಿದೆ. ಫೋನನ್ನು ಬೆಂಚಿನ ಮೇಲಿಟ್ಟು ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಮಕ್ಕಳೇ, ಒಂದು ಮಾವಿನಕಾಯಿ ತರ ಇದೆ," ಎಂದೆ. "ಬಾದಾಮಿ. ತೊಟ್ಟು ಮೇಲಕ್ಕೆ. ಮೂತಿ ಕೆಳಗೆ, ರೋಡ್ ಕಡೆಗೆ ಸೊಟ್ಟ. ಬಾವಿ ಕಡೆ ನೀಲಿ ಬಣ್ಣ."

ಆ ಕಡೆಯಿಂದ ಒಂದು ಸಣ್ಣ ದನಿ, ಬಹಳ ಮರ್ಯಾದೆಯಿಂದ: "ಮಿಸ್, ನಮ್ಮಲ್ಲಿ ಬಾವಿ ಇಲ್ಲ ಮಿಸ್."

ಆಪಾ ನಗು ಸ್ಪೀಕರನ್ನು ಒಡೆಯುವಂತೆ ಬಂತು. ಮಕ್ಕಳೂ ನಕ್ಕರು. ಯಾರೋ ಕಾಣದ ಮಕ್ಕಳು, ಈಗ ದಿನವೂ ಆ ನಗು ಸಿಗುವವರು. ನಾನು ಬಾವಿ ಕಡೆಯ ಕಿಟಕಿಯನ್ನು ನೋಡುತ್ತ ಕೂತಿದ್ದೆ.

"ಇಲ್ಲಿ ಬಂಡೆ ಕಡೆ, ಟವರ್ ಕಡೆ ಕಣೇ," ಎಂದರು ಆಪಾ, ಉಸಿರು ಸುಧಾರಿಸಿಕೊಂಡು. "ಬಾವಿ ಅಂದ್ರೆ ಬಂಡೆ ಅಂದ್ಕೊಳ್ರೋ. ಹ್ಞೂಂ, ಮುಂದೆ ಹೇಳು."

ಹೇಳಿದೆ. ಪ್ರಶ್ನೆಗಳು ಬಂದವು: ತೊಟ್ಟು ಎಷ್ಟು ದಪ್ಪ, ಕವಾಟ ಅಂದರೆ ಬಾಗಿಲಾ ಕಿಟಕಿನಾ, ನೀಲಿ ಅಂದರೆ ಎಂಥಾ ನೀಲಿ. ಬೆವರಿದೆ. ಪೀರಿಯಡ್ ಮುಗಿಯುವ ಹೊತ್ತಿಗೆ ಅದೇ ಸಣ್ಣ ದನಿ ಕೇಳಿತು, "ಮಿಸ್, ಈಗ ತಿರುಗ್ಬೋದಾ?"

"ತಿರುಗಿ ಏನು ನೋಡ್ತೀರೋ? ಹಿಂದೆ ಇರೋದು ನನ್ನ ಡಬ್ಬಾ ಫೋನು," ಎಂದರು ಆಪಾ. "ಹಾಳೆ ಎತ್ತಿಟ್ಕೊಳ್ಳಿ. ಶನಿವಾರ ತಿರುಗೋಣ. ಲಾಯರಮ್ಮ ಮಿಸ್ ಟ್ಯಾಬ್ ತಗೊಂಡು ಬರ್ತಾರೆ. ಏನೇ, ಬರ್ತೀಯಾ? ಹೆಡ್‌ಮಾಸ್ಟರ ಹತ್ರ ವಾದ ಮಾಡು, ರಜೆ ಹಾಕು. ಮುಳಬಾಗಿಲಿಗೆ ಬೆಳಿಗ್ಗೆ ಬಸ್ ಎಷ್ಟೊತ್ತಿಗೆ ಅಂತ ಸ್ಟ್ಯಾಂಡಲ್ಲಿ ವಿಚಾರಿಸ್ಕೋ."

"ವಿಚಾರಿಸ್ತೀನಿ," ಎಂದೆ.

ವಿಚಾರಿಸುವ ಅಗತ್ಯವಿರಲಿಲ್ಲ. ಅವರು ಹೋದ ದಿನದಿಂದ ಆ ಬಸ್ಸಿನ ವೇಳೆ ನನಗೆ ಬಾಯಿಪಾಠ.